ಮದುವೆಯ ದಿನದ ಹೊರೆ ಯಾರ ಹೆಗಲಿಗೆ? ಏರ್ಪಾಡಿನ ಆಯ್ಕೆಗಳನ್ನು ತೂಗಿ ನೋಡುವ ಬಗೆ

ಅಕ್ಕನ ಮದುವೆಯ ಫೋಟೊಗಳಲ್ಲಿ ಅಪ್ಪ ಕಾಣಿಸುವುದು ಮೂರೇ ಮೂರು ಕಡೆ. ಮೂರರಲ್ಲೂ ಅವರ ಕೈಯಲ್ಲಿ ಕೀಲಿಗೊಂಚಲಿದೆ. ಉಗ್ರಾಣದ್ದು, ಕೋಣೆಗಳದ್ದು, ಸಾಮಾನು ತಂದ ವ್ಯಾನಿನದ್ದು ಎಲ್ಲ ಕೀಲಿಯೂ ಅವರ ಬಳಿಯೇ ಇದ್ದುದರಿಂದ ಐದು ನಿಮಿಷಕ್ಕೊಬ್ಬರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಮದುವೆ ಚೆನ್ನಾಗಿಯೇ ನಡೆಯಿತು, ಬಂದವರೆಲ್ಲ ಹಾಗೆಂದೇ ಹೇಳಿ ಹೋದರು. ಆದರೆ ಅಕ್ಕ ಗಂಡನ ಕೈ ಹಿಡಿದ ಗಳಿಗೆಯಲ್ಲಿ ಅಪ್ಪ ಹಿಂಬಾಗಿಲಲ್ಲಿ ನಿಂತು ಬಾಡಿಗೆ ಕುರ್ಚಿ ಎಣಿಸಿಕೊಳ್ಳುತ್ತಿದ್ದರು. ಆ ಗಳಿಗೆ ಮತ್ತೆ ಬರುವುದಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಕುರ್ಚಿ ಎಣಿಸಲು ಬೇರೆ ಯಾರನ್ನೂ ನೇಮಿಸಿರಲಿಲ್ಲ, ಅಷ್ಟೇ.

ಅಂದಿನಿಂದ ಮನೆಯವರ, ಗೆಳೆಯರ ಮದುವೆಗಳ ಏರ್ಪಾಡಿಗೆ ಕೈಹಾಕಿದಾಗಲೆಲ್ಲ ನಾನು ಒಂದೇ ಅಳತೆಗೋಲು ಹಿಡಿಯುತ್ತೇನೆ. ಎರಡು ಆಯ್ಕೆ ಎದುರಾದಾಗ ಮೊದಲು ಖರ್ಚು, ಆಮೇಲೆ ಅಂದ ನೋಡುವುದು ರೂಢಿ. ಅವೆರಡಕ್ಕೂ ಮೊದಲು ಕೇಳಬೇಕಾದ್ದು: ಇದನ್ನು ಆರಿಸಿಕೊಂಡರೆ ಮದುವೆಯ ದಿನ ಇದರ ಓಡಾಟ ಯಾರ ಪಾಲಿಗೆ? ಮದುಮಕ್ಕಳ ಪಾಲಿಗೆ ಅಥವಾ ಹೆತ್ತವರ ಪಾಲಿಗೆ ಎಂದಾದರೆ, ಆಯ್ಕೆ ಎಷ್ಟೇ ಚೆಂದವಿದ್ದರೂ ಇನ್ನೊಮ್ಮೆ ಯೋಚಿಸಬೇಕು. ಕೆಳಗಿನ ಹೋಲಿಕೆಗಳನ್ನೆಲ್ಲ ಇದೇ ಕಣ್ಣಿನಿಂದ ಮಾಡಿದ್ದೇನೆ.

ಜನ ಕಡಿಮೆಯೋ ಹೆಚ್ಚೋ

ಜಾಗ ನೋಡಲು ಹೊರಡುವ ಮೊದಲೇ ಕರೆಯುವವರ ಪಟ್ಟಿ ಮಾಡಿಕೊಳ್ಳಿ. ಉಳಿದ ಆಯ್ಕೆಗಳೆಲ್ಲ ಇದರ ಬೆನ್ನು ಹಿಡಿದು ಬರುತ್ತವೆ. 50 ಜನರ ಮದುವೆ, 400 ಜನರ ಮದುವೆ ಎರಡರ ಸ್ವಭಾವವೇ ಬೇರೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಬಂದವರು ಒಬ್ಬೊಬ್ಬರಾಗಿ ಮದುಮಕ್ಕಳ ಹತ್ತಿರ ಬಂದು ಶುಭ ಹಾರೈಸಿ ಹೋಗಲು ತಲಾ 20 ಸೆಕೆಂಡ್ ಹಿಡಿದರೂ 50 ಜನರಿಗೆ 17 ನಿಮಿಷ ಸಾಕು. 400 ಜನರಿಗೆ ಎರಡು ಗಂಟೆ ದಾಟುತ್ತದೆ. ಅಷ್ಟೂ ಹೊತ್ತು ಮದುಮಕ್ಕಳು ನಿಂತೇ ಇರಬೇಕು, ನಗುತ್ತಲೇ ಇರಬೇಕು, ಯಾರೊಂದಿಗೂ ಎರಡು ಮಾತು ಆಡಲಾಗುವುದಿಲ್ಲ.

ಹಾಗೆಂದು ದೊಡ್ಡ ಕೂಟ ಬೇಡ ಎನ್ನುವವನು ನಾನಲ್ಲ. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಆಂಡ್ರೂ ಫ್ರಾನ್ಸಿಸ್ ಮತ್ತು ಹ್ಯೂಗೋ ಮಿಯಾಲನ್ 2014ರಲ್ಲಿ, ಮದುವೆಯಾಗಿದ್ದ 3,000ಕ್ಕೂ ಹೆಚ್ಚು ಜನರ ಸಮೀಕ್ಷೆ ಆಧರಿಸಿ ಒಂದು ಅಧ್ಯಯನ ಪ್ರಕಟಿಸಿದರು. ಮದುವೆಗೆ ಹೆಚ್ಚು ಸುರಿದವರ ದಾಂಪತ್ಯ ಸಾಮಾನ್ಯವಾಗಿ ಕಡಿಮೆ ಕಾಲ ಬಾಳಿತ್ತು, ಹೆಚ್ಚು ಜನ ಸೇರಿದ ಮದುವೆಗಳು ಹೆಚ್ಚು ಕಾಲ ಬಾಳಿದ್ದವು. ಒಂದಕ್ಕೆ ಇನ್ನೊಂದು ಕಾರಣ ಎಂದು ಇದರಿಂದ ಹೇಳಲಾಗದು. ಆದರೂ ನನಗೆ ಇದರಲ್ಲಿ ಕಂಡದ್ದು ಒಂದು ಉಪಯುಕ್ತ ಸಂಗತಿ: ಜನ ಹೆಚ್ಚಿದ್ದೂ ಸರಳವಾಗಿರಬಹುದು, ಜನ ಕಡಿಮೆಯಿದ್ದೂ ದುಬಾರಿಯಾಗಬಹುದು. ಎರಡನ್ನೂ ಒಂದೇ ಎಂದುಕೊಂಡು ಪಟ್ಟಿಯಿಂದ ಹೆಸರು ಹೊಡೆಯುವವರು, ಅಲಂಕಾರದಿಂದ ಒಂದಿಷ್ಟು ತೆಗೆದು ಆ ಹೆಸರುಗಳನ್ನು ಉಳಿಸಿಕೊಳ್ಳಬಹುದೇ ಎಂದೊಮ್ಮೆ ನೋಡಲಿ.

ಮೂರನೆಯ ದಾರಿಯೂ ಇದೆ. ವಿಧಿಗೆ ಹತ್ತಿರದವರು ಮಾತ್ರ, ಊಟಕ್ಕೆ ಎಲ್ಲರೂ. ಮದುಮಕ್ಕಳಿಗೆ ಇದು ಬಹಳ ಹಿತ. ಆದರೆ ಯಾರು ಯಾವ ಪಟ್ಟಿಯಲ್ಲಿದ್ದಾರೆ ಎಂಬುದರಿಂದ ಹುಟ್ಟುವ ನೋವನ್ನು ಹೆತ್ತವರು ವರ್ಷಗಟ್ಟಲೆ ಹೊರಬೇಕಾದೀತು. ಗೆರೆ ಎಲ್ಲಿ ಎಳೆದಿರಿ ಎಂದು ಯಾರು ಕೇಳಿದರೂ ಒಂದೇ ವಾಕ್ಯದಲ್ಲಿ ಹೇಳಲು ಬರುವಂತಿದ್ದರೆ (ಒಡಹುಟ್ಟಿದವರು ಮತ್ತು ಅವರ ಮನೆಯವರು ಮಾತ್ರ, ಹೀಗೆ) ಈ ದಾರಿ ಹಿಡಿಯಿರಿ. ಗೆರೆ ಅಂಕುಡೊಂಕಾಗಿದ್ದರೆ ಬಿಟ್ಟುಬಿಡಿ.

ಒಂದೇ ಜಾಗವೋ ಎರಡೋ

ವಿಧಿ ಒಂದು ಕಡೆ, ಆರತಕ್ಷತೆ ಇನ್ನೊಂದು ಕಡೆ. ನಡುವೆ 15 ನಿಮಿಷದ ಹಾದಿ. ಕಾಗದದ ಮೇಲೆ ಇದು 15 ನಿಮಿಷ. ನಿಜದಲ್ಲಿ 200 ಜನ ಎದ್ದು, ಮಾತು ಮುಗಿಸಿ, ಚಪ್ಪಲಿ ಹುಡುಕಿ, ಮಕ್ಕಳನ್ನು ಕೂಡಿಸಿಕೊಂಡು, ಗಾಡಿ ತೆಗೆದು, ಆಚೆ ಕಡೆ ಗಾಡಿ ನಿಲ್ಲಿಸಲು ಜಾಗ ಹುಡುಕಿ ಒಳಗೆ ಬರುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ. ಸ್ವಂತ ಗಾಡಿ ಇಲ್ಲದವರಿಗೆ ಬಸ್ಸು ಮಾಡಬೇಕು. 50 ಸೀಟಿನ ಬಸ್ಸು ಒಂದೇ ಇದ್ದರೆ 200 ಜನರಿಗೆ ನಾಲ್ಕು ಸುತ್ತು, ಅಂದರೆ ಮೊದಲು ಹೋದವರು ಅಲ್ಲಿ ಕಾಯುತ್ತಾರೆ, ಕೊನೆಯವರು ಇಲ್ಲಿ ಕಾಯುತ್ತಾರೆ. ವಯಸ್ಸಾದವರಿಗೆ ಎರಡು ಸಲ ಮೆಟ್ಟಿಲು.

ನನ್ನ ಒಲವು ಸ್ಪಷ್ಟವಾಗಿ ಒಂದೇ ಜಾಗದ ಕಡೆಗೆ. ಎರಡನೆಯ ಜಾಗಕ್ಕೆ ಮನಸ್ಸಿನಲ್ಲಿ ಆಳವಾದ ಕಾರಣವಿದ್ದರೆ, ಅದು ಪ್ರಾರ್ಥನೆಯ ಜಾಗವಿರಬಹುದು, ಅಜ್ಜಿ ಬಾಳಿದ ಮನೆ ಇರಬಹುದು, ಖಂಡಿತ ಆರಿಸಿಕೊಳ್ಳಿ. ನಡುವಿನ ಒಂದು ಗಂಟೆಯನ್ನು ಮಾತ್ರ ಮುಚ್ಚಿಡದೆ ವೇಳಾಪಟ್ಟಿಯಲ್ಲಿ ಬರೆಯಿರಿ. ಆ ಹೊತ್ತಿನಲ್ಲಿ ಮೊದಲು ತಲುಪಿದವರು ಎಲ್ಲಿ ಕೂರುತ್ತಾರೆ, ನೀರು ಕೊಡುವವರು ಯಾರು ಎಂಬುದಕ್ಕೆ ಹೆಸರು ಹಿಡಿದು ಉತ್ತರವಿರಲಿ.

ಜಾಗ ಗೊತ್ತುಮಾಡುವಾಗ ಎಲ್ಲರೂ ಬೆಳಕು, ಬಣ್ಣ ನೋಡುತ್ತಾರೆ. ನೀವು ಗಂಟೆ ಕೇಳಿ. ಒಳಗೆ ಬಿಡುವುದು ಎಷ್ಟು ಹೊತ್ತಿಗೆ? ತೆರವು ಮಾಡಬೇಕಾದ್ದು ಎಷ್ಟು ಹೊತ್ತಿಗೆ? ಅದೇ ದಿನ ನಮಗಿಂತ ಮುಂಚೆ ಇನ್ನೊಂದು ಕಾರ್ಯಕ್ರಮ ಇದೆಯೇ? ಹಿಂದಿನ ಕಾರ್ಯಕ್ರಮ ತಡವಾದರೆ ನಿಮ್ಮ ಅಲಂಕಾರದವರು ಬಾಗಿಲಲ್ಲಿ ನಿಲ್ಲುತ್ತಾರೆ, ಫೋನ್ ಮದುಮಗಳಿಗೆ ಬರುತ್ತದೆ.

ಬಯಲೋ ಸೂರಿನಡಿಯೋ

ಬಯಲಿನ ಮದುವೆಗೆ ಅದರದೇ ಸೊಬಗಿದೆ, ಅದನ್ನು ಯಾವ ಸಭಾಂಗಣವೂ ಕೊಡಲಾರದು. ಕಷ್ಟ ಇರುವುದು ದಿನ ಗೊತ್ತುಮಾಡುವ ಕಾಲ ಮತ್ತು ಹವಾಮಾನ ತಿಳಿಯುವ ಕಾಲದ ನಡುವಿನ ಅಂತರದಲ್ಲಿ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾ ಹೇಳುವಂತೆ ಐದು ದಿನಗಳ ಮುನ್ಸೂಚನೆ ಸುಮಾರು 90 ಪ್ರತಿಶತ, ಏಳು ದಿನಗಳದ್ದು ಸುಮಾರು 80 ಪ್ರತಿಶತ ಸರಿಯಾಗುತ್ತದೆ. ಹತ್ತು ದಿನ ಅಥವಾ ಅದಕ್ಕೂ ಮುಂದಿನದ್ದು ಸರಿಯಾಗುವುದು ಅರ್ಧಕ್ಕರ್ಧ. ನೀವು ಜಾಗ ಹಿಡಿಯುವುದು ತಿಂಗಳುಗಳ ಮುಂಚೆ. ಆಗ ನಿಮ್ಮ ಕೈಯಲ್ಲಿ ಇರುವುದು ಆ ಋತುವಿನ ಸ್ವಭಾವದ ಅರಿವು ಮಾತ್ರ.

ಹಾಗಾಗಿ ನಿಜವಾದ ಆಯ್ಕೆಗಳು ಮೂರು. ಬರೀ ಬಯಲು, ಬಯಲು ಮತ್ತು ಕಾಯ್ದಿರಿಸಿದ ಡೇರೆ, ಪಕ್ಕದಲ್ಲೇ ಸಭಾಂಗಣವಿರುವ ಬಯಲು. ಮೊದಲನೆಯದನ್ನು ನಾನು ಯಾರಿಗೂ ಹೇಳುವುದಿಲ್ಲ. ಡೇರೆ ಬಿಸಿಲಿಗೆ, ಸಣ್ಣ ಮಳೆಗೆ ಆದೀತು. ಗಾಳಿಗೆ ಕಷ್ಟ, ಸಿಡಿಲಿಗೆ ಅದು ಆಸರೆಯೇ ಅಲ್ಲ. ಗುಡುಗು ಕೇಳಿದರೆ ಎಲ್ಲರೂ ಗಟ್ಟಿ ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬಾರದು. ಈ ನಿಯಮ ಪಾಲಿಸಲು ಕಟ್ಟಡ ಹತ್ತಿರವಿರಬೇಕಲ್ಲ? ಮೂರನೆಯದೇ ವಾಸಿ ಅನ್ನುವುದಕ್ಕೆ ನನಗೆ ಇಷ್ಟೇ ಸಾಕು.

ಒಳಗೋ ಹೊರಗೋ ಎಂದು ತೀರ್ಮಾನಿಸುವ ಹೊತ್ತನ್ನೂ ಆಳನ್ನೂ ಮೊದಲೇ ಗೊತ್ತುಮಾಡಿ: ಎರಡು ದಿನ ಮುಂಚೆ ಸಂಜೆ ಇಷ್ಟು ಗಂಟೆಗೆ, ಇಂಥವರು. ಆ ಇಂಥವರು ಮದುಮಗಳಾಗಲಿ ಅವರ ತಾಯಿಯಾಗಲಿ ಆಗಬಾರದು. ಆಸೆಪಟ್ಟವರು ಕೊನೆಯ ಗಳಿಗೆಯವರೆಗೂ ಮೋಡ ನೋಡುತ್ತಾ ಕೂರುತ್ತಾರೆ, ಅಷ್ಟರಲ್ಲಿ ಕುರ್ಚಿಗಳು ನೆನೆದಿರುತ್ತವೆ.

ಇನ್ನೊಂದು ಮಾತು ವಿದ್ಯುತ್ತಿನದು. ಬಯಲಲ್ಲಿರಲಿ ಒಳಗಿರಲಿ, ಕರೆಂಟ್ ಹೋಗಿ ಜನರೇಟರ್ ಹಿಡಿಯುವ ನಡುವೆ ಕೆಲವು ಸೆಕೆಂಡಿನ ಕತ್ತಲು ಇರುತ್ತದೆ. ದೀಪಗಳು ತಾವಾಗಿ ಮತ್ತೆ ಹೊತ್ತಿಕೊಳ್ಳುತ್ತವೆ, ಧ್ವನಿವ್ಯವಸ್ಥೆಯನ್ನು ಮಾತ್ರ ಕೆಲವೊಮ್ಮೆ ಮೊದಲಿನಿಂದ ಹೊಂದಿಸಬೇಕಾಗುತ್ತದೆ. ಮೈಕ್ ಮತ್ತು ಮಿಕ್ಸರ್‌ಗೆ ಸಣ್ಣ ಯುಪಿಎಸ್ ಇದೆಯೇ ಎಂದು ಧ್ವನಿಯವರನ್ನು ಕೇಳಿ.

ಉಸ್ತುವಾರಿ ಯಾರದು

ಈ ಒಂದು ಆಯ್ಕೆ ಸರಿಯಾದರೆ ಬೇರೆ ನಾಲ್ಕು ತಪ್ಪಿದರೂ ದಿನ ಉಳಿಯುತ್ತದೆ. ಇರುವ ದಾರಿಗಳು ಮೂರು.

ಮೊದಲನೆಯದು ಪೂರ್ಣ ಹೊಣೆ ಹೊರುವ ವೆಡ್ಡಿಂಗ್ ಪ್ಲಾನರ್. ತಿಂಗಳುಗಳ ಮುಂಚಿನಿಂದ ಜಾಗ, ಅಡುಗೆ, ಅಲಂಕಾರ, ಫೋಟೊ ಎಲ್ಲರನ್ನೂ ಹುಡುಕಿ, ಮಾತಾಡಿ, ದಿನದಂದು ನಡೆಸಿಕೊಡುತ್ತಾರೆ. ದೂರದಲ್ಲಿದ್ದು ಮದುವೆ ಮಾಡುವವರಿಗೆ, ಇಬ್ಬರೂ ಬಿಡುವಿಲ್ಲದ ಕೆಲಸದಲ್ಲಿರುವವರಿಗೆ ಇದು ದೊಡ್ಡ ಆಸರೆ. ಒಪ್ಪುವ ಮೊದಲು ಮೂರು ಪ್ರಶ್ನೆ ಕೇಳಿ. ಆ ದಿನ ನೀವೇ ಬರುತ್ತೀರೋ, ಸಹಾಯಕರನ್ನು ಕಳುಹಿಸುತ್ತೀರೋ? ಅದೇ ದಿನ ಬೇರೆ ಮದುವೆ ಒಪ್ಪಿಕೊಂಡಿದ್ದೀರಾ? ನೀವು ತೋರಿಸುವ ಅಡುಗೆಯವರಿಂದ, ಅಲಂಕಾರದವರಿಂದ ನಿಮಗೆ ಕಮಿಷನ್ ಬರುತ್ತದೆಯೇ? ಮೂರನೆಯದನ್ನು ಕೇಳಲು ಸಂಕೋಚವಾಗುತ್ತದೆ. ಆದರೂ ಕೇಳಿ. ನೇರವಾಗಿ ಹೌದು ಎನ್ನುವವರನ್ನು ನಾನು ನಂಬುತ್ತೇನೆ.

ಎರಡನೆಯದು ಆ ದಿನದ ಮಟ್ಟಿಗೆ ಬರುವ ಕೋಆರ್ಡಿನೇಟರ್. ಆಯ್ಕೆಗಳೆಲ್ಲ ನಿಮ್ಮವು. ಕೆಲವು ವಾರಗಳ ಮುಂಚೆ ನಿಮ್ಮ ಒಪ್ಪಂದಗಳು, ಫೋನ್ ನಂಬರುಗಳು, ವೇಳಾಪಟ್ಟಿ ಎಲ್ಲವನ್ನೂ ಅವರಿಗೆ ಒಪ್ಪಿಸುತ್ತೀರಿ, ಅಲ್ಲಿಂದ ಓಡಾಟ ಅವರದು. ಪ್ಲಾನರ್‌ಗಿಂತ ಕಡಿಮೆ ಖರ್ಚು, ದಿನದ ಮಟ್ಟಿಗೆ ಅಷ್ಟೇ ನೆಮ್ಮದಿ. ಮದುವೆಯ ರೂಪ ಹೇಗಿರಬೇಕೆಂದು ಸ್ವಂತ ಕಲ್ಪನೆ ಇರುವವರಿಗೆ ಇದೇ ಒಗ್ಗುತ್ತದೆ.

ಮೂರನೆಯದು ನಮ್ಮವರೇ ನೋಡಿಕೊಳ್ಳುವುದು. ಪ್ರೀತಿಯಿಂದ ಮಾಡುತ್ತಾರೆ, ನಿಮ್ಮ ಮನಸ್ಸು ಬಲ್ಲವರು, ದುಡ್ಡಿನ ಮಾತಿಲ್ಲ. ತೊಡಕು ಎರಡು. ಕೆಲಸಕ್ಕೆ ಆಗಬರುವ ನೆಂಟರು ಸಾಮಾನ್ಯವಾಗಿ ಆ ದಿನ ನಮ್ಮ ಪಕ್ಕದಲ್ಲೇ ಇರಲಿ ಎಂದು ನೀವು ಬಯಸುವವರೇ ಆಗಿರುತ್ತಾರೆ. ಜೊತೆಗೆ, ಮನೆಯ ಹಿರಿಯರು ಬಂದು 'ಮೊದಲು ಇದು ಮಾಡಿ' ಎಂದರೆ ಮನೆಯವರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಹೊರಗಿನವರಿಗೆ ಆ ಮುಲಾಜಿಲ್ಲ.

ನೂರರೊಳಗಿನ ಕೂಟಕ್ಕೆ ಮೂರನೆಯ ದಾರಿ ಸಾಕು. ಅದಕ್ಕಿಂತ ದೊಡ್ಡದಾದಷ್ಟೂ ಎರಡನೆಯದರ ಬೆಲೆ ಏರುತ್ತಾ ಹೋಗುತ್ತದೆ. ಹೂವಿನ ಲೆಕ್ಕದಲ್ಲಿ ಕಡಿತ ಮಾಡಿಯಾದರೂ ಒಬ್ಬ ಕೋಆರ್ಡಿನೇಟರನ್ನು ಗೊತ್ತುಮಾಡಿ ಎನ್ನುವುದು ನನ್ನ ಸಲಹೆ.

ನಮ್ಮವರೇ ಎಂದಾದರೆ ಆರಿಸುವ ಬಗೆ ಹೀಗಿರಲಿ. ಒಬ್ಬರು ಬೇಡ, ಇಬ್ಬರಿರಲಿ. ಒಡಹುಟ್ಟಿದವರು ಬೇಡ, ಒಂದು ಸುತ್ತು ಆಚೆಯವರು: ಗೆಳತಿಯ ಗಂಡ, ಕೆಲಸದ ಜೊತೆಗಾರರು, ಹಳೆಯ ನೆರೆಮನೆಯ ಹುಡುಗ. ಒಬ್ಬರಿಗೆ ಒಳಗಿನದು, ಅಂದರೆ ವಿಧಿ, ಜನ, ಫೋಟೊ. ಇನ್ನೊಬ್ಬರಿಗೆ ಹೊರಗಿನದು, ಅಂದರೆ ಅಡುಗೆ, ಗಾಡಿ, ಸಾಮಾನು, ಕರೆಂಟು. ಎಲ್ಲಕ್ಕಿಂತ ಮುಖ್ಯವಾಗಿ ಅವರಿಗೆ ಅಧಿಕಾರ ಕೊಡಿ. ಒಬ್ಬ ಗೆಳತಿಯ ಮದುವೆಯಲ್ಲಿ ಉಸ್ತುವಾರಿ ವಹಿಸಿದ್ದವರು ಬಲು ನಿಷ್ಠಾವಂತರು. ಆದರೆ ಅವಳು ತಲೆ ಬಾಚಿಸಿಕೊಳ್ಳಲು ಕೂತಿದ್ದ ಒಂದು ಗಂಟೆಯಲ್ಲಿ ನಾಲ್ಕು ಸಲ ಬಂದು ಕೇಳಿದರು: ಹೂವಿನ ಕಮಾನು ಎಡಕ್ಕೋ ಬಲಕ್ಕೋ, ಹೆಚ್ಚಿನ ಕುರ್ಚಿ ತರಿಸಲೋ ಬೇಡವೋ. ಅವರ ತಪ್ಪಲ್ಲ. ಎಷ್ಟರವರೆಗೆ ತಾವೇ ತೀರ್ಮಾನಿಸಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೈಯಲ್ಲಿ ಒಂದಿಷ್ಟು ನಗದು, ಇಷ್ಟರೊಳಗಿನ ಖರ್ಚಿಗೆ ಕೇಳುವುದು ಬೇಡ ಎಂಬ ಮಾತು, ಅಡುಗೆಯವರಿಂದ ಹಿಡಿದು ಡ್ರೈವರ್‌ವರೆಗೆ ಎಲ್ಲರ ಬಳಿಯೂ ಅವರ ನಂಬರು. ಇಷ್ಟಿದ್ದರೆ ನಾಲ್ಕೂ ಪ್ರಶ್ನೆ ಗೆಳತಿಯವರೆಗೆ ಬರುತ್ತಲೇ ಇರಲಿಲ್ಲ.

ತಮ್ಮನ ಮದುವೆಯಲ್ಲಿ ನಾವು ಹೀಗೇ ಮಾಡಿದೆವು. ಕೀಲಿಗೊಂಚಲು ಅವನ ಇಬ್ಬರು ಗೆಳೆಯರ ಹತ್ತಿರ ಇತ್ತು. ಮೊದಲ ಅರ್ಧ ಗಂಟೆ ಅಪ್ಪ ಎರಡೆರಡು ಸಲ ಎದ್ದು ನಿಂತರು, ಆಮೇಲೆ ಕೂತರು, ವಿಧಿ ಮುಗಿಯುವವರೆಗೂ ಮೊದಲ ಸಾಲಿನಿಂದ ಅಲುಗಲಿಲ್ಲ.

ಬಿಗಿಯಾದ ವೇಳಾಪಟ್ಟಿಯೋ ಸಡಿಲವಾದದ್ದೋ

ನಿಮಿಷ ನಿಮಿಷಕ್ಕೂ ಬರೆದಿಟ್ಟ ಪಟ್ಟಿ ಒಂದು ಕಡೆ, 'ಆಗುವ ಹೊತ್ತಿಗೆ ಆಗುತ್ತದೆ' ಎನ್ನುವುದು ಇನ್ನೊಂದು ಕಡೆ. ಎರಡೂ ಕೈಕೊಡುತ್ತವೆ. ಬಿಗಿ ಪಟ್ಟಿ ಕೈಕೊಡುವ ಕಾರಣಕ್ಕೆ ಒಂದು ಹೆಸರೇ ಇದೆ. ಯಾವುದೇ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಊಹಿಸುವಾಗ ನಾವು ಎಲ್ಲವೂ ಸರಾಗವಾಗಿ ನಡೆಯುವ ಚಿತ್ರವನ್ನೇ ಕಣ್ಮುಂದೆ ತಂದುಕೊಂಡು ಕಡಿಮೆ ಹೇಳುತ್ತೇವೆ. ಮನೋವಿಜ್ಞಾನಿಗಳಾದ ಡೇನಿಯಲ್ ಕಾಹ್ನೆಮನ್ ಮತ್ತು ಏಮೊಸ್ ಟ್ವರ್ಸ್ಕಿ 1979ರಲ್ಲಿ ಇದನ್ನು 'ಪ್ಲಾನಿಂಗ್ ಫ್ಯಾಲಸಿ' ಎಂದು ಕರೆದರು. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ ಸುಮಾರು 34 ದಿನ ಬೇಕೆಂದು ಊಹಿಸಿದ್ದರು, ಹಿಡಿದದ್ದು 55ಕ್ಕೂ ಹೆಚ್ಚು. ಒಬ್ಬೊಬ್ಬರೇ ಕೂತು ಮಾಡುವ ಕೆಲಸದಲ್ಲೇ ಹೀಗಾದರೆ, ನೂರಾರು ಜನ ಕೂಡಿ ಮಾಡುವ ದಿನದಲ್ಲಿ ಹೇಗೆ?

ಹಾಗಾದರೆ ಎಲ್ಲ ಕೆಲಸಕ್ಕೂ ಹತ್ತು ಹತ್ತು ನಿಮಿಷ ಸೇರಿಸುವುದೇ? ನಾನು ಹಾಗೆ ಮಾಡಿ ನೋಡಿದ್ದೇನೆ. ಆ ಹತ್ತು ನಿಮಿಷ ಇದೆ ಎಂದು ಎಲ್ಲರಿಗೂ ಗೊತ್ತಿರುವುದರಿಂದ ಎಲ್ಲರೂ ಅದನ್ನು ಖರ್ಚು ಮಾಡಿಬಿಡುತ್ತಾರೆ. ಅದರ ಬದಲು ಎರಡೇ ಎರಡು ದೊಡ್ಡ ಬಿಡುವು ಇಡಿ: ವಿಧಿಗೆ ಮೊದಲು 45 ನಿಮಿಷ, ಊಟಕ್ಕೆ ಮೊದಲು 30 ನಿಮಿಷ. ತಡವಾದರೆ ಅವು ನುಂಗಿಕೊಳ್ಳುತ್ತವೆ. ತಡವಾಗದಿದ್ದರೆ ಮದುಮಕ್ಕಳು ಒಂದು ಲೋಟ ನೀರು ಕುಡಿದು ಸುಮ್ಮನೆ ಕೂರುತ್ತಾರೆ, ಅಂಥ ಹದಿನೈದು ನಿಮಿಷ ಸಿಕ್ಕವರು ಅದನ್ನು ಮರೆಯುವುದಿಲ್ಲ.

ಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ಕಟ್ಟಬೇಕು. ವಿಧಿ 11 ಗಂಟೆಗೆ ಎಂದಿಟ್ಟುಕೊಳ್ಳಿ. ಬಿಡುವು ಸೇರಿ 10:15ಕ್ಕೆ ಎಲ್ಲರೂ ಸಿದ್ಧರಿರಬೇಕು. ಉಡುಗೆ ತೊಡಲು ಒಂದು ಗಂಟೆ, ಅಂದರೆ 9:15ಕ್ಕೆ ತಲೆ ಬಾಚುವುದು, ಮೇಕಪ್ ಎಲ್ಲ ಮುಗಿದಿರಬೇಕು. ಮದುಮಗಳಿಗೆ 90 ನಿಮಿಷ, ಜೊತೆಯ ಮೂವರಿಗೆ ತಲಾ 40 ನಿಮಿಷ ಎಂದರೆ ಒಟ್ಟು ಮೂರೂವರೆ ಗಂಟೆ. ಒಬ್ಬರೇ ಮೇಕಪ್‌ನವರಾದರೆ ಬೆಳಗಿನ ಜಾವ 5:45ಕ್ಕೆ ಶುರು, ಇಬ್ಬರಾಗಿ ಒಬ್ಬರು ಮದುಮಗಳನ್ನು, ಇನ್ನೊಬ್ಬರು ಉಳಿದ ಮೂವರನ್ನು ನೋಡಿಕೊಂಡರೆ 7:15ಕ್ಕೆ. ಇನ್ನೊಬ್ಬರನ್ನು ಕರೆಸುವ ಖರ್ಚನ್ನು ಒಂದೂವರೆ ಗಂಟೆ ನಿದ್ದೆಯ ಎದುರು ಇಟ್ಟು ತೂಗಿ, ಆಗ ಹೋಲಿಕೆ ನ್ಯಾಯವಾಗುತ್ತದೆ. ಸರದಿಯಲ್ಲಿ ಮದುಮಗಳು ಕೊನೆಯವಳಾಗುವುದು ಬೇಡ. ಉಳಿದವರ ತಡವೆಲ್ಲ ಬಂದು ಬೀಳುವುದು ಕೊನೆಯವರ ಮೇಲೆ.

ಆಮಂತ್ರಣದಲ್ಲಿ ಯಾವ ಹೊತ್ತು ಬರೆಯುವುದು? ಜನ ತಡವಾಗಿ ಬರುತ್ತಾರೆಂದು ಒಂದು ಗಂಟೆ ಮುಂಚಿನ ಹೊತ್ತು ಹಾಕುವವರಿದ್ದಾರೆ. ಆಗ ಸರಿಯಾದ ಹೊತ್ತಿಗೆ ಬಂದ ಸಜ್ಜನರು ಖಾಲಿ ಕುರ್ಚಿಗಳ ನಡುವೆ ಕೂತು ಕಾಯುತ್ತಾರೆ. ಅದು ಅವರಿಗೆ ನಾವು ಮಾಡುವ ಅನ್ಯಾಯ. ವಿಧಿಯ ನಿಜವಾದ ಹೊತ್ತು ಬರೆದು, ಎಷ್ಟು ಗಂಟೆಯೊಳಗೆ ಬಂದು ಕೂತರೆ ಅನುಕೂಲ ಎಂದು ಕೆಳಗೆ ಬೇರೆಯಾಗಿ ತಿಳಿಸಿ.

ಬಫೆಯೋ ಕೂರಿಸಿ ಬಡಿಸುವುದೋ

ಬಫೆಗೆ ಬಡಿಸುವ ಕೈ ಕಡಿಮೆ ಸಾಕು, ತಿನ್ನುವವರಿಗೆ ಆಯ್ಕೆ ಹೆಚ್ಚು. ಆದರೆ ಸಾಲನ್ನು ಲೆಕ್ಕ ಹಾಕದೆ ಬಫೆ ಒಪ್ಪಬೇಡಿ. ಸಾಲಿಗೆ 20 ಸೆಕೆಂಡಿಗೊಬ್ಬರು ಸೇರುತ್ತಾರೆ ಎಂದುಕೊಂಡರೆ, ಒಂದು ಮೇಜಿನ ಒಂದೇ ಬದಿಯಲ್ಲಿ 200 ಜನ ಸಾಗಲು 67 ನಿಮಿಷ. ಮೇಜನ್ನು ಗೋಡೆಯಿಂದ ಈಚೆ ಎಳೆದು ಎರಡೂ ಬದಿಯಿಂದ ಜನ ಬರುವಂತೆ ಮಾಡಿದರೆ ಅದು 33 ನಿಮಿಷಕ್ಕೆ ಇಳಿಯುತ್ತದೆ. ಅಂಥ ಎರಡು ಮೇಜಿದ್ದರೆ 17. ದುಡ್ಡು ಹೆಚ್ಚು ಬೇಡದೆ ಇಷ್ಟು ಹೊತ್ತು ಉಳಿಸುವ ಬೇರೆ ಉಪಾಯ ಮದುವೆಯ ಏರ್ಪಾಡಿನಲ್ಲಿ ನಾನು ಕಂಡಿಲ್ಲ.

ಕೂರಿಸಿ ಬಡಿಸುವುದಕ್ಕೆ ಕೈ ಹೆಚ್ಚು ಬೇಕು, ಎಷ್ಟು ಜನ ಬರುತ್ತಾರೆ ಎಂಬುದು ಮೊದಲೇ ಖಚಿತವಿರಬೇಕು. ಒಂದೂವರೆ ಮೀಟರ್ ಅಗಲದ ದುಂಡು ಮೇಜಿಗೆ ಎಂಟು ಜನ, 1.8 ಮೀಟರಿನದಕ್ಕೆ ಹತ್ತು ಜನ ಎಂಬ ಲೆಕ್ಕದಲ್ಲಿ ಜಾಗ ಅಳೆದುಕೊಳ್ಳಿ. ವಯಸ್ಸಾದವರು, ಕೈಗೂಸಿನ ತಾಯಂದಿರು ಹೆಚ್ಚಿದ್ದರೆ ಇದೇ ಮೇಲು. ನನಗೆ ಮನಸ್ಸಿಗೆ ಬಂದದ್ದು ಎರಡರ ಬೆರಕೆ: ಹಿರಿಯರಿಗೆ, ಪುಟ್ಟ ಮಕ್ಕಳಿರುವವರಿಗೆ ಕೂರಿಸಿ ಬಡಿಸುವುದು, ಉಳಿದವರಿಗೆ ಬಫೆ.

ಯಾವುದೇ ಆದರೂ ಒಂದು ವಿಷಯದಲ್ಲಿ ರಾಜಿ ಬೇಡ. ಬೇಯಿಸಿದ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೇ ಹೊರಗಿಡಬಾರದು, ಬಿಸಿಯಾಗಿರಬೇಕಾದ್ದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿರಬೇಕಾದ್ದು 5 ಡಿಗ್ರಿಗಿಂತ ಕೆಳಗೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಫೆಯಲ್ಲಿ ಪಾತ್ರೆಗಳು ಹೆಚ್ಚು ಹೊತ್ತು ತೆರೆದಿರುವುದರಿಂದ ಈ ಅಪಾಯವೂ ಹೆಚ್ಚು. ಪೂರ್ತಿ ಅಡುಗೆ ಒಮ್ಮೆಗೇ ಹೊರತರದೆ ಸಣ್ಣ ಪಾತ್ರೆಗಳಲ್ಲಿ ಆಗಾಗ ತುಂಬಿಸಲು ಹೇಳಿ.

ಮದುಮಕ್ಕಳ ಊಟವನ್ನು ಎಲ್ಲರೂ ಮರೆಯುತ್ತಾರೆ. ಅವರಿಬ್ಬರಿಗೆ 20 ನಿಮಿಷ, ಮರೆಯಾದ ಒಂದು ಮೂಲೆ, ಎರಡು ತಟ್ಟೆ. ಇದನ್ನು ವೇಳಾಪಟ್ಟಿಯಲ್ಲಿ ಒಂದು ಸಾಲಾಗಿ ಬರೆಯಿರಿ. ಫೋಟೊದವರೂ ಅದೇ ಹೊತ್ತಿಗೆ ಉಣ್ಣಲಿ. ಊಟದ ಹೊತ್ತಿನ ಫೋಟೊ ಯಾರಿಗೂ ಬೇಕಿಲ್ಲ.

ಫೋಟೊ ವಿಧಿಗೆ ಮೊದಲೋ ಆಮೇಲೋ

ಮನೆಯವರ ಗುಂಪು ಫೋಟೊಗಳೇ ಹೊತ್ತು ತಿನ್ನುವುದು. ಗುಂಪಿಗೆ ಮೂರು ನಿಮಿಷದಂತೆ 20 ಗುಂಪಿಗೆ ಒಂದು ಗಂಟೆ. ವಿಧಿಯ ನಂತರ ಇಟ್ಟರೆ ಆ ಒಂದು ಗಂಟೆ ಬಂದವರೆಲ್ಲ ಹಸಿದು ಕಾಯುತ್ತಾರೆ. ಮೊದಲೇ ಇಟ್ಟರೆ ಉಡುಗೆ ಕಳೆಗುಂದಿರುವುದಿಲ್ಲ, ಮುಖದಲ್ಲಿ ದಣಿವಿರುವುದಿಲ್ಲ. ಆದರೆ ವಿಧಿಗೆ ಮೊದಲು ಒಬ್ಬರನ್ನೊಬ್ಬರು ನೋಡಬಾರದು ಎಂಬ ಮನಸ್ಸಿದ್ದವರಿಗೆ ಅದು ಆಗದು. ಅಂಥವರು ಮದುಮಗಳ ಕಡೆಯವರದು, ಮದುಮಗನ ಕಡೆಯವರದು ಬೇರೆ ಬೇರೆಯಾಗಿ ಮೊದಲೇ ಮುಗಿಸಿ, ಎರಡೂ ಕಡೆಯವರು ಕೂಡಿದ ನಾಲ್ಕೈದನ್ನು ಮಾತ್ರ ಆಮೇಲಿಗೆ ಇಟ್ಟುಕೊಳ್ಳಬಹುದು. ಗುಂಪುಗಳ ಪಟ್ಟಿಯನ್ನು ಹೆಸರು ಸಮೇತ ಬರೆದು, ಎರಡೂ ಮನೆಯ ಮುಖಗಳ ಪರಿಚಯವಿರುವ ಒಬ್ಬರ ಕೈಗೆ ಕೊಡಿ. ಅವರು ಕೂಗಿ ಕರೆಯಲಿ, ಫೋಟೊದವರು ಕ್ಲಿಕ್ಕಿಸಲಿ.

ಮದುಮಕ್ಕಳಿಬ್ಬರ ಫೋಟೊಗೆ ನಡು ಮಧ್ಯಾಹ್ನ ಬೇಡ. ನೆತ್ತಿಯ ಮೇಲಿನ ಸೂರ್ಯ ಕಣ್ಣಿನ ಗುಳಿಯಲ್ಲಿ ನೆರಳು ಬೀಳಿಸುತ್ತಾನೆ. ಮೃದುವಾದ ಬೆಳಕು ಇರುವುದು ಸೂರ್ಯ ಹುಟ್ಟಿದ ನಂತರದ, ಮುಳುಗುವ ಮುಂಚಿನ ಒಂದು ಗಂಟೆಯ ಸುಮಾರಿಗೆ. ಆ ದಿನದ ಸೂರ್ಯಾಸ್ತದ ಹೊತ್ತು ಇಂದೇ ತಿಳಿಯುತ್ತದೆ. ಅದನ್ನು ನೋಡಿ ಸಂಜೆ ಇಬ್ಬರಿಗೇ 15 ನಿಮಿಷ ತೆಗೆದಿಡಿ.

ಒಬ್ಬ ಫೋಟೊಗ್ರಾಫರೋ ಇಬ್ಬರೋ ಎಂದರೆ, ನೂರು ಜನ ಮೀರಿದರೆ ಇಬ್ಬರು. ಮದುಮಕ್ಕಳತ್ತ ಒಬ್ಬರ ಕ್ಯಾಮೆರಾ ಇದ್ದಾಗ ತಾಯಿಯ ಕಣ್ಣು ತುಂಬಿದ್ದನ್ನು ಹಿಡಿಯಲು ಇನ್ನೊಬ್ಬರು ಬೇಕು. ಚಿತ್ರಗಳ ನಕಲನ್ನು ಹೇಗೆ ಇಡುತ್ತೀರಿ ಎಂದೂ ಕೇಳಿ. ಮೂರು ನಕಲು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಜಾಗದಲ್ಲಿ ಎಂಬುದು ಈ ಕಸುಬಿನವರು ಮೆಚ್ಚಿದ ಕ್ರಮ.

ಹಾಡು ಹೇಳುವವರೋ ರೆಕಾರ್ಡೋ

ಇದರಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಎದುರಿಗೇ ಹಾಡುವವರಿದ್ದರೆ ಕಳೆ ಕಟ್ಟುತ್ತದೆ. ಅವರಿಗೆ ವೇದಿಕೆ, ಧ್ವನಿ ಹೊಂದಿಸಲು ಮುಂಚಿತವಾಗಿ ಹೊತ್ತು, ನಡುವೆ ವಿಶ್ರಾಂತಿ ಬೇಕು. ರೆಕಾರ್ಡ್ ಆದರೆ ಹಾಡುಗಳನ್ನು ಫೋನಿಗೆ ಇಳಿಸಿಕೊಂಡಿರಿ, ನೂರಾರು ಫೋನುಗಳು ಸೇರಿದ ಕಡೆ ಇಂಟರ್ನೆಟ್ ನಂಬಲಾಗದು. ಸದ್ದಿನ ಮಟ್ಟದ ಮಾತು ಮಾತ್ರ ಗಂಭೀರವಾದದ್ದು. ಕೂಟಗಳಲ್ಲಿ ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಗೊತ್ತುಪಡಿಸಿದೆ. ಊಟದ ಹೊತ್ತಿಗಂತೂ ಅದಕ್ಕಿಂತ ಬಹಳ ಕೆಳಗಿರಲಿ, ವರ್ಷಗಳ ನಂತರ ಸಿಕ್ಕವರು ಒಬ್ಬರ ಮಾತು ಒಬ್ಬರು ಕೇಳಿಸಿಕೊಳ್ಳಲು ಬಂದಿರುತ್ತಾರೆ. ಸ್ಪೀಕರಿನ ಮುಂದಿನ ಮೇಜು ಹಿರಿಯರಿಗೆ ಬೇಡ.

ಕೊನೆ ಹೇಗಿರಲಿ

ಜನ ಒಬ್ಬೊಬ್ಬರಾಗಿ ಕರಗಿ, ದೀಪ ಆರಿಸುವವರೆಗೂ ಇರುವುದು ಒಂದು ಬಗೆ. ಗೊತ್ತಾದ ಹೊತ್ತಿಗೆ ಎಲ್ಲರೂ ಕೂಡಿ ಮದುಮಕ್ಕಳನ್ನು ಬೀಳ್ಕೊಡುವುದು ಇನ್ನೊಂದು. 1993ರಲ್ಲಿ ಕಾಹ್ನೆಮನ್ ಮತ್ತು ಜೊತೆಗಾರರು ಜನರ ಕೈಯನ್ನು ಕೊರೆಯುವ ನೀರಿನಲ್ಲಿ ಎರಡು ಬಗೆಯಲ್ಲಿ ಇಡಿಸಿದರು. ಒಮ್ಮೆ 14 ಡಿಗ್ರಿಯಲ್ಲಿ 60 ಸೆಕೆಂಡ್. ಇನ್ನೊಮ್ಮೆ ಅಷ್ಟೇ ಹೊತ್ತು ಇಟ್ಟು, ಮೇಲೆ 30 ಸೆಕೆಂಡ್ ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸಿ. ಯಾವುದನ್ನು ಮತ್ತೆ ಮಾಡುತ್ತೀರಿ ಎಂದಾಗ 32 ಜನರಲ್ಲಿ 22 ಮಂದಿ ಉದ್ದದ್ದನ್ನೇ ಆರಿಸಿದರು, ಅದರ ಕೊನೆ ಹಿತವಾಗಿತ್ತೆಂದು. ನೆನಪಿನಲ್ಲಿ ಕೊನೆಗೆ ಅಷ್ಟು ತೂಕ. ಮದುಮಕ್ಕಳ ದಿನ ಬಾಡಿಗೆ ಪಾತ್ರೆಗಳ ಲೆಕ್ಕದಲ್ಲಿ, ದುಡ್ಡು ಎಣಿಸುವುದರಲ್ಲಿ ಮುಗಿಯಬಾರದು. ನಾನಂತೂ ಎಲ್ಲರೂ ಕೂಡಿ ಬೀಳ್ಕೊಡುವ ಬಗೆಯ ಪರ.

ಅದು ಕೈಗೂಡಬೇಕಾದರೆ ಹಿಂದಿನ ಸಂಜೆ ಕೂತು ಕೆಲವು ಕೆಲಸ ಮುಗಿಸಬೇಕು. ಕೊಡಬೇಕಾದ ಬಾಕಿ ಹಣವನ್ನು ಬೇರೆ ಬೇರೆ ಲಕೋಟೆಗಳಲ್ಲಿ ಹಾಕಿ, ಮೇಲೆ ಹೆಸರು, ಮೊತ್ತ, ಯಾವ ಕೆಲಸ ಮುಗಿದ ಮೇಲೆ ಕೊಡಬೇಕು ಎಂದು ಬರೆದು ಹೊರಗಿನ ಉಸ್ತುವಾರಿಯವರಿಗೆ ಒಪ್ಪಿಸಿ. ಉಡುಗೊರೆಗಳು ಯಾರ ಗಾಡಿಯಲ್ಲಿ, ಯಾರ ಮನೆಗೆ ಹೋಗುತ್ತವೆ ಎಂದು ಹೇಳಿ. ಹಿರಿಯರ ಮಾತ್ರೆ, ದಾಖಲೆ ಪತ್ರ, ಉಂಗುರ ಇವು ಯಾರ ಚೀಲದಲ್ಲಿವೆ ಎಂಬುದನ್ನು ಇಬ್ಬರಿಗಾದರೂ ತಿಳಿಸಿ. ಕೊನೆಗೆ ಮದುಮಕ್ಕಳಿಬ್ಬರೂ ತಮ್ಮ ಫೋನುಗಳನ್ನು ಬೆಳಿಗ್ಗೆ ಯಾರಿಗೆ ಕೊಡುತ್ತಾರೆ ಎಂದು ಗೊತ್ತುಮಾಡಿ, ಆ ವ್ಯಕ್ತಿಗೆ ಲಾಕ್ ತೆಗೆಯುವ ಸಂಖ್ಯೆಯನ್ನೂ ಹೇಳಿ ಮಲಗಿ.